ಸರಾಸರಿ ಉಬ್ಬರದ ಗೆರೆ

2022ರ ಜುಲೈ 14, ಗುರುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತೇಳು ನಿಮಿಷಕ್ಕೆ ರೋಡ್ ಐಲೆಂಡ್ ರಾಜ್ಯದ ಟಾಗ್ವಂಕ್ ಕೊಲ್ಲಿಯ ದಡದಲ್ಲಿ ಆಲ್ಬರ್ಟೀನಾ ರೆಜೆಂಡಿಸ್ ಎಂಬ ಎಪ್ಪತ್ತೊಂದು ವರ್ಷದ ನಿವೃತ್ತ ರಸಾಯನಶಾಸ್ತ್ರದ ಟೀಚರ್ ಮೇಲೆ ಅತಿಕ್ರಮ ಪ್ರವೇಶದ ಕೇಸು ಬಿತ್ತು. ಹೊತ್ತು ಇಷ್ಟು ನಿಖರವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಸಮನ್ಸಿನಲ್ಲಿ "ಸುಮಾರು ಒಂಬತ್ತು ಗಂಟೆ" ಎಂದು ಬರೆಯಲು ಹೊರಟಿದ್ದ ಪೊಲೀಸಿನವನನ್ನು ತಿದ್ದಿದ್ದು ಆಕೆಯೇ.

"ಸುಮಾರು ಅಂದ್ರೆ ಏನು ಡೆರಿಕ್? ಕೈಯಲ್ಲಿ ವಾಚಿಲ್ವಾ?"

ಡೆರಿಕ್ ಬೊಟೆಲ್ಯೊ ಹದಿನೆಂಟು ವರ್ಷದ ಹಿಂದೆ ಆಕೆಯ ತರಗತಿಯ ಮೂರನೇ ಬೆಂಚಿನಲ್ಲಿ ಕೂತಿದ್ದವನು. ಈಗಲೂ ಆಕೆಯ ಎದುರಿಗೆ ಟೋಪಿ ತೆಗೆದೇ ನಿಲ್ಲುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಟೀಚರ್. ಮೇಲಿನ ಮನೆಯವರು ಫೋನ್ ಮಾಡಿದ್ರು. ನಾನು ಬರೀಲೇಬೇಕು."

"ಬರಿ. ಆದ್ರೆ ಸರಿಯಾಗಿ ಬರಿ. ನಾನೆಲ್ಲಿ ನಿಂತಿದ್ದೆ ಅಂತ ಬರೆದ್ಯಾ?"

"ದಡದಲ್ಲಿ."

"ದಡ ಅಂದ್ರೆ ಪೋರ್ಚುಗಲ್‌ವರೆಗೂ ದಡಾನೇ. ಟೇಪ್ ತಗೊಂಡು ಬಾ."

ಹಾಗಾಗಿ ಸಮನ್ಸಿನಲ್ಲಿ ಇನ್ನೊಂದು ಸಾಲು ಸೇರಿತು: ಮೇಲಿನ ಮನೆಯವರು ಕಂಬ ನೆಟ್ಟು ಕಟ್ಟಿದ ಗಡಿಹಗ್ಗದ ಮೂರನೇ ಕಂಬದಿಂದ ಸಮುದ್ರದ ಕಡೆಗೆ ಹತ್ತೊಂಬತ್ತು ಅಡಿ. ಆಕೆಯ ಬೂಟುಗಳ ತುದಿಯಿಂದ ಒಂದೇ ಅಡಿ ಆಚೆ ನೀರಿತ್ತು. ಹುಣ್ಣಿಮೆಯ ಮರುದಿನದ ಉಬ್ಬರ. ಅಲೆ ಬಂದಾಗಲೆಲ್ಲ ಬೂಟು ನೆನೆಯುತ್ತಿತ್ತು. ಕೈಯಲ್ಲಿ ಹಲ್ಲುಗಳಿದ್ದ ಬಾಚುಗೋಲು, ಪಕ್ಕದಲ್ಲಿ ಪಾಚಿ ತುಂಬಿದ ಎರಡು ಬುಟ್ಟಿ. ಮೇಲೆ, ಹೊಸ ಹಗ್ಗದ ಆಚೆ, ಕನೆಕ್ಟಿಕಟ್‌ನಿಂದ ಬಂದು ಮನೆ ಕೊಂಡಿದ್ದ ಪ್ರೆಸ್ಟನ್ ಲೋರಿಂಗ್ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ನಿಂತಿದ್ದ.

ಟೀನಾ ಎಂದು ಊರು ಕರೆಯುವ ಆಲ್ಬರ್ಟೀನಾಗೆ ಪಾಚಿ ಬೇಕಾದದ್ದು ಎರಡಕ್ಕೆ. ಒಂದು, ಹಿತ್ತಲಿನ ಆಲೂಗಡ್ಡೆಗೆ. ಅದು ಇಲ್ಲದಿದ್ದರೂ ನಡೆಯುತ್ತದೆ. ಇನ್ನೊಂದು, ಆಗಸ್ಟ್ 13ರ ಕ್ಲಾಮ್‌ಬೇಕ್‌ಗೆ. ಅದು ಇಲ್ಲದಿದ್ದರೆ ನಡೆಯುವುದಿಲ್ಲ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ವರ್ಷಕ್ಕೊಮ್ಮೆ ಹಾಕಿಸುವ ಊಟ ಅದು. ಕಟ್ಟಿಗೆಯ ಬೆಂಕಿಯಲ್ಲಿ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮೇಲೆ ಪಾಚಿ ಹೊದಿಸಿ, ಪಾಚಿಯ ಮೇಲೆ ಚಿಪ್ಪುಮೀನು, ಜೋಳದ ತೆನೆ, ಆಲೂಗಡ್ಡೆ, ಶುರೀಸ್ ಸಾಸೇಜುಗಳನ್ನು ಪೇರಿಸಿ, ಒದ್ದೆ ತಾಡಪಾಲು ಮುಚ್ಚಿ ಕಾಯುತ್ತಾರೆ. ಬೇಯಿಸುವುದು ಕಲ್ಲಲ್ಲ, ಪಾಚಿಯ ಉಪ್ಪುಹಬೆ. ಅದಕ್ಕೆ ಗುಳ್ಳೆಗಳಿರುವ ಕಂದು ಕಲ್ಲುಪಾಚಿಯೇ ಆಗಬೇಕು. ಶಾಖಕ್ಕೆ ಗುಳ್ಳೆ ಒಡೆದು ನೀರು ಬಿಡುತ್ತದೆ. ಊರಿನ ಉಳಿದ ದಡಗಳಲ್ಲಿ ಸಿಗುವ ಹಸಿರು ಪಾಚಿ ಕಲ್ಲಿನ ಮೇಲೆ ಬಿದ್ದರೆ ಲೋಳೆಯಾಗಿ ಹೋಗುತ್ತದೆ. ಕಂದು ಪಾಚಿ ರಾಶಿ ಬೀಳುವುದು ಟಾಗ್ವಂಕ್ ಕೊಲ್ಲಿಯಲ್ಲಿ ಮಾತ್ರ. ಐವತ್ತು ವರ್ಷದಿಂದ ಅದನ್ನು ಬಾಚಿ ತರುವುದು ಟೀನಾಳ ಕೆಲಸ.

ಮೂರು ದಿನದ ಮೇಲೆ ಲೋರಿಂಗ್‌ನಿಂದ ದಪ್ಪ ಕಾಗದದ ಮೇಲೆ ಒಂದು ಪತ್ರ ಬಂತು. ಒಳ್ಳೆಯ ಪತ್ರವೇ. ಬರುವ ಮುಂಚೆ ಪ್ರತಿ ಸಲ ಒಂದು ಫೋನ್ ಮಾಡಿದರೆ ಸಂತೋಷದಿಂದ ಅನುಮತಿ ಕೊಡುತ್ತೇನೆ, ದೂರನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಿತ್ತು.

"ಫೋನ್ ತಾನೆ ಟಿಯಾ, ಮಾಡಿಬಿಡಿ," ಎಂದ ಝೆಕಾ. ಅವನು ಟೀನಾಳ ತಮ್ಮನ ಮಗ, ಅತ್ತೆಯನ್ನು ಪೋರ್ಚುಗೀಸಿನಲ್ಲಿ ಟಿಯಾ ಎಂದೇ ಕರೆಯುವವನು, ನಲವತ್ತೆರಡು ವರ್ಷದ ಗಟ್ಟಿ ಆಳು, ಕ್ಲಾಮ್‌ಬೇಕ್‌ನ ಬೆಂಕಿಯ ಉಸ್ತುವಾರಿ ಅವನದೇ. "ನಾನೂರು ಜನ ಊಟಕ್ಕೆ ಬರ್ತಾರೆ. ಕಲ್ಲು ಕಾಯಿಸಿಟ್ಟು ಅವರ ಮುಂದೆ ಕಾನೂನು ಓದಲಾ?"

"ಅವನು ಅನುಮತಿ ಕೊಟ್ರೆ, ನಾಳೆ ಅವನೇ ವಾಪಸ್ ತಗೋಬಹುದು. ಇರೋ ಹಕ್ಕನ್ನ ಬೇಡಿ ತಗೊಂಡ್ರೆ ಅದು ಭಿಕ್ಷೆ ಆಗುತ್ತೆ ಝೆಕಾ."

"ಭಿಕ್ಷೆನೋ ಬಳುವಳಿನೋ, ಪಾಚಿ ಪಾಚೀನೇ."

"ನಿಮ್ಮ ಟಿಯೊ ಈ ಹಕ್ಕಿಗೆ ಕೈ ಎತ್ತಿ ವೋಟು ಹಾಕಿ ಬಂದವರು. ಮರೀಬೇಡ."

ಟಿಯೊ ಎಂದರೆ ಮಾವ, ಆಕೆಯ ಗಂಡ ಅಡೆಲಿನೊ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕೊಳಾಯಿ ಕೆಲಸದವನು. 1986ರಲ್ಲಿ ರಾಜ್ಯದ ಸಂವಿಧಾನವನ್ನು ತಿದ್ದಿ ಬರೆಯಲು ಜನ ನೂರು ಮಂದಿ ಪ್ರತಿನಿಧಿಗಳನ್ನು ಆರಿಸಿದಾಗ ಈ ಊರಿನ ಕಡೆಯಿಂದ ಅವನು ಹೋಗಿದ್ದ. ಪಾನಾ, ಪೈಪು ತುಂಬಿದ ವ್ಯಾನನ್ನು ಪ್ರಾವಿಡೆನ್ಸ್‌ನ ಅಮೃತಶಿಲೆಯ ಕಟ್ಟಡದ ಮುಂದೆ ನಿಲ್ಲಿಸಿ, ಕೈಯ ಗ್ರೀಸು ಒರೆಸಿಕೊಂಡು ಒಳಗೆ ಕೂತು ಬರುತ್ತಿದ್ದ. ಅಲ್ಲಿ ಅವನಿಗೆ ಕೊಟ್ಟ ಕರಡು ಪ್ರತಿಗಳು ಈಗಲೂ ಶೂ ಡಬ್ಬಿಯಲ್ಲಿದ್ದವು.

ಡಬ್ಬಿಯನ್ನು ಟೀನಾ ಹ್ಯಾಜರ್ಡ್ ಆಲ್ಮಿಯ ಮುಂದೆ ಅಡುಗೆಮನೆಯ ಮೇಜಿನ ಮೇಲೆ ಸುರಿದಳು. ಹ್ಯಾಜರ್ಡ್ ನಿವೃತ್ತ ವಕೀಲ, ಹಳೆಯ ಸ್ನೇಹಿತ. ಅವನ ಮನೆತನ ಈ ದಡದಲ್ಲಿ ಎಷ್ಟು ಕಾಲದಿಂದ ಇದೆಯೆಂದರೆ, ಅವರಿಗೇ ಲೆಕ್ಕ ತಪ್ಪಿ ಹೋಗಿತ್ತು. ಕಾಫಿ ಪಾಕ ಬೆರೆಸಿದ ತಣ್ಣನೆಯ ಹಾಲನ್ನು ಕುಡಿಯುತ್ತ ಅವನು ಸಾಲುಗಳ ಮೇಲೆ ಬೆರಳು ಓಡಿಸಿದ.

"ಇಲ್ಲಿದೆ ನೋಡು. ಮೊದಲನೇ ವಿಧಿ, ಹದಿನೇಳನೇ ಕಲಮು. ತೀರದ ಹಕ್ಕುಗಳು. ದಡದಿಂದ ಮೀನು ಹಿಡಿಯೋದು, ಪಾಚಿ ಸಂಗ್ರಹಿಸೋದು, ಈಜೋಕೆ ನೀರಿಗಿಳಿಯೋದು, ತೀರದುದ್ದಕ್ಕೆ ನಡೆಯೋದು. ಪಾಚಿಯ ಹೆಸರು ಹಿಡಿದು ಬರೆದಿದ್ದಾರೆ. ಭೂಮಿಯ ಮೇಲೆ ಪಾಚಿಗೆ ಇಷ್ಟು ಮರ್ಯಾದೆ ಕೊಟ್ಟ ಸಂವಿಧಾನ ಎಷ್ಟಿದೆಯೋ ನಾ ಕಾಣೆ."

"ಮತ್ತೆ ಕೇಸು ಹೆಂಗೆ ನಿಲ್ಲುತ್ತೆ?"

"ಏನು ಮಾಡಬಹುದು ಅಂತ ಬರೆದಿದ್ದಾರೆ. ಎಲ್ಲಿವರೆಗೆ ಅಂತ ಬರೆದಿಲ್ಲ." ಹ್ಯಾಜರ್ಡ್ ಮೀಸೆಯ ಹಾಲು ಒರೆಸಿಕೊಂಡ. "ಇದು ನಮ್ಮವರ ಹಳೇ ಚಾಳಿ. 'ಈವರೆಗೆ ಇದ್ದ ಹಕ್ಕುಗಳು ಮುಂದುವರಿಯತಕ್ಕದ್ದು' ಅಂತ 86ರಲ್ಲಿ ಬರೆದ್ರು. ಈವರೆಗೆ ಇದ್ದದ್ದೇನು ಅಂತ 1843ರದ್ದು ತೆಗೆದು ನೋಡಿದ್ರೆ, ಅಲ್ಲೂ 'ಈವರೆಗೆ ಇದ್ದದ್ದು'. ಅದಕ್ಕೂ ಹಿಂದೆ 1663ರಲ್ಲಿ ಇಂಗ್ಲೆಂಡಿನ ರಾಜ ಕೊಟ್ಟ ಸನ್ನದು. ಅದರಲ್ಲೂ ಎಲ್ಲಿವರೆಗೆ ಅಂತ ಗೆರೆ ಇಲ್ಲ. ಒಬ್ಬರೂ ಮರಳಲ್ಲಿ ಒಂದು ಗೂಟ ಹೊಡೆದಿಲ್ಲ."

"ಹಂಗಾದ್ರೆ ಗೆರೆ ಎಲ್ಲಿಂದ ಬಂತು?"

"ಕೋರ್ಟಿಂದ. ಅದೂ 82ರಲ್ಲಿ, ನಿನ್ನ ಗಂಡ ಅಲ್ಲಿ ಹೋಗಿ ಕೂರೋಕೆ ನಾಲ್ಕು ವರ್ಷ ಮುಂಚೆ. ಸಾರ್ವಜನಿಕರ ಹಕ್ಕು ಸರಾಸರಿ ಉಬ್ಬರದ ಗೆರೆವರೆಗೆ ಮಾತ್ರ ಅಂತ ರಾಜ್ಯದ ಸುಪ್ರೀಂ ಕೋರ್ಟು ಹೇಳ್ತು. ಚಂದ್ರನ ಸುತ್ತು ಒಂದು ಪೂರ್ತಿ ಆಗ್ಬೇಕಲ್ಲ, ಹದಿನೆಂಟೂವರೆ ವರ್ಷಕ್ಕೂ ಮೇಲೆ. ಆ ಅಷ್ಟೂ ವರ್ಷದ ಉಬ್ಬರಗಳ ಸರಾಸರಿ ಎತ್ತರ ಮರಳಿಗೆ ಎಲ್ಲಿ ತಾಗುತ್ತೋ ಅಲ್ಲಿ."

ಟೀನಾ ಕ್ಷಣ ಯೋಚಿಸಿದಳು. ಸರಾಸರಿ ಎಂದಮೇಲೆ, ಹೆಚ್ಚುಕಮ್ಮಿ ಅರ್ಧದಷ್ಟು ಉಬ್ಬರಗಳು ಅದಕ್ಕಿಂತ ಮೇಲೆ ಬರಲೇಬೇಕು. ಪಾಚಿ ತರುವ ದೊಡ್ಡ ಉಬ್ಬರಗಳಂತೂ ಖಂಡಿತ. "ಅಂದ್ರೆ ಪಾಚಿ ಬೀಳೋ ಜಾಗ ಎಲ್ಲಾ ಗೆರೆಯ ಮೇಲ್ಗಡೆ. ಪಾಚಿ ಬಾಚೋ ಹಕ್ಕು ಪಾಚಿ ಇಲ್ಲದ ಕಡೆ."

"ಅದಕ್ಕೇ ನಿನಗೆ ಜನ ಹೆದರೋದು," ಎಂದ ಹ್ಯಾಜರ್ಡ್. "ಆದ್ರೆ ಅದೇ ತೀರ್ಪಲ್ಲಿ ನಮಗೊಂದು ಕೊಡೆ ಇದೆ. ಆ ಗೆರೆ ಎಲ್ಲಿದೆ ಅಂತ ಗೊತ್ತಿದ್ದೂ ದಾಟಿದ್ರೆ ಮಾತ್ರ ಅಪರಾಧ. ಗೊತ್ತಿಲ್ದೆ ಇದ್ರೆ ಇಲ್ಲ. ಕಣ್ಣಿಗೆ ಕಾಣದ ಗೆರೆ ಯಾರಿಗೆ ಗೊತ್ತಿರುತ್ತೆ? ಆದ್ದರಿಂದ ಟೀನಾ, ನಿನಗೆ ಕೈ ಮುಗೀತೀನಿ, ಅದನ್ನ ಅಳೆಯೋಕೆ ಮಾತ್ರ ಹೋಗಬೇಡ."

ಕರಡು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಎರಡು ಸಾಲು ಆಕೆಯ ಕಣ್ಣಿಗೆ ಬಿದ್ದಿತ್ತು. ಅಡೆಲಿನೊನ ದಪ್ಪ ಅಕ್ಷರ. "ತೀರ ಅಂದರೆ ಎಲ್ಲಿವರೆಗೆ? ಕೇಳಬೇಕು." ಅದರ ಕೆಳಗೆ, "ಟೀನಾ ಹೇಳಿದಳು: ಎಲ್ಲರಿಗೂ ಗೊತ್ತು."

1986ರ ಆ ಸಂಜೆ ಆಕೆಯ ನೆನಪಿಗೆ ಬಂತು. ಇದೇ ಮೇಜು. ಆಕೆ ಐವತ್ತಾರು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗಂಡ ಕೇಲ್ ಸೊಪ್ಪಿನ ಸೂಪಿಗೆ ಬ್ರೆಡ್ಡು ಅದ್ದುತ್ತ ಅದನ್ನು ಕೇಳಿದ್ದ. ತಲೆ ಎತ್ತದೆ ಆಕೆ ಹೇಳಿದ್ದಳು, "ಪಾಚಿ ಸಾಲಿನವರೆಗೆ. ಮೂರು ವರ್ಷದ ಮಗುಗೂ ಗೊತ್ತು. ಅದನ್ನ ಬರೆದು ನಗೆಪಾಟಲಾಗಬೇಡಿ." ಅವನು ಮರುದಿನ ಕೇಳಲಿಲ್ಲ. ಬಹುಶಃ ಉಳಿದ ತೊಂಬತ್ತೊಂಬತ್ತು ಮಂದಿಯ ಮನೆಗಳಲ್ಲೂ ಅದೇ ಉತ್ತರ ಸಿಕ್ಕಿರಬೇಕು.

ಮೂವತ್ತೆಂಟು ವರ್ಷ ಮಕ್ಕಳಿಗೆ "ಊಹೆ ಬೇಡ, ಅಳೆದು ಬರಿ" ಎಂದು ಹೇಳಿದವಳು ಒಂದೇ ಒಂದು ಸಲ ಊಹೆ ಮಾಡಿದ್ದಳು. ಅದು ಹೋಗಿ ಸಂವಿಧಾನದಲ್ಲಿ ಕೂತಿತ್ತು.

ಜುಲೈ 31ರ ಭಾನುವಾರ, ಮಧ್ಯಾಹ್ನದ ಇಳಿತದ ಹೊತ್ತಿಗೆ ಟೀನಾ ಅಡೆಲಿನೊನ ವ್ಯಾನಿನಿಂದ ಅರವತ್ತು ಅಡಿ ಉದ್ದದ ಪಾರದರ್ಶಕ ಕೊಳವೆಯನ್ನು ಇಳಿಸಿದಳು. ಕೊಳಾಯಿಯವರು ಮಟ್ಟ ನೋಡಲು ಬಳಸುವಂಥದು: ನೀರು ತುಂಬಿದರೆ ಎರಡೂ ತುದಿಯಲ್ಲಿ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಚೆನ್ನಾಗಿ ಕಾಣಲೆಂದು ಆಕೆ ನೀರಿಗೆ ಎರಡು ಹರಳು ಪರ್ಮಾಂಗನೇಟು ಹಾಕಿ ನೇರಳೆ ಮಾಡಿದಳು. ದೋಣಿ ಇಳಿಸುವ ಸಾರ್ವಜನಿಕ ಇಳಿಜಾರಿನ ಪಕ್ಕ, ಬಂಡೆಯಲ್ಲಿ ಸರ್ವೆಯವರು ಕೂರಿಸಿದ ಹಿತ್ತಾಳೆಯ ಬಿಲ್ಲೆಯಿತ್ತು. ಆ ಬಿಲ್ಲೆ ಸರಾಸರಿ ಉಬ್ಬರಕ್ಕಿಂತ ಎಷ್ಟು ಮೇಲಿದೆ ಎಂಬುದು ಸರಕಾರದ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿಂದ ನಾಲ್ಕು ಸಲ ಕೊಳವೆ ಹಾಯಿಸಿದರೆ ಲೋರಿಂಗ್‌ನ ಹಗ್ಗದ ಕೆಳಗಿನ ಮರಳು.

"ಹ್ಯಾಜರ್ಡ್ ಅಂಕಲ್ ಬೇಡ ಅಂದಿದ್ರಲ್ಲ," ಎಂದ ಇನ್ನೊಂದು ತುದಿ ಹಿಡಿದಿದ್ದ ಝೆಕಾ.

"ಅವನು ವಕೀಲ. ಗೊತ್ತಿಲ್ದೆ ಇರೋದ್ರಿಂದ ಅವನಿಗೆ ಲಾಭ ಇದೆ. ತುದಿ ಅಲ್ಲಾಡಿಸಬೇಡ."

"ನಿಮಗೇನು ಲಾಭ?"

"ನೇರ ಹಿಡಿ."

ನಾಲ್ಕು ಸಲವೂ ಎರಡೆರಡು ಬಾರಿ ಅಳೆದು, ಸರಾಸರಿ ತೆಗೆದು, ಆಕೆ ಸುತ್ತಿಗೆಯಿಂದ ಒಂದು ಗೂಟ ಹೊಡೆದಳು. ತುದಿಗೆ ಕೆಂಪು ಬಣ್ಣದ ಓಕ್ ಗೂಟ. ಆಮೇಲೆ ಟೇಪು ಹಿಡಿದು ಹಗ್ಗದ ಮೂರನೇ ಕಂಬದವರೆಗಿನ ದೂರ ನೋಡಿದಳು: ಮೂವತ್ತಮೂರು ಅಡಿ. ಜುಲೈ 14ರಂದು ಆಕೆ ನಿಂತದ್ದು ಕಂಬದಿಂದ ಹತ್ತೊಂಬತ್ತು ಅಡಿಯಲ್ಲಿ. ಅಂದರೆ ಬೂಟು ನೆನೆಸಿಕೊಂಡು ನಿಂತಿದ್ದಾಗಲೂ ಆಕೆ ಹದಿನಾಲ್ಕು ಅಡಿ ಲೋರಿಂಗ್‌ನ ಜಮೀನಿನ ಒಳಗಿದ್ದಳು. ಮರಳಿನ ಇಳಿಜಾರು ಹನ್ನೆರಡಕ್ಕೆ ಒಂದು. ಆ ಹೊತ್ತು ಗೂಟದ ಜಾಗದಲ್ಲಿ ಹದಿಮೂರು ಅಂಗುಲ ನೀರು ಇದ್ದಿರಬೇಕು.

"ಅಂದ್ರೆ ಟಿಯಾ, ಕಾನೂನಿನ ಪ್ರಕಾರ ನೀವು ಮೀನಿನ ಜೊತೆ ನಿಲ್ಲಬೇಕಿತ್ತು."

"ಹೂಂ," ಎಂದಳು ಟೀನಾ. ಪುಸ್ತಕದಲ್ಲಿ ಬರೆದುಕೊಂಡಾಗ ಆಕೆಗೆ ವಾರದಿಂದ ಕಾಣದಿದ್ದ ನೆಮ್ಮದಿ ಬಂತು. ಲೆಕ್ಕ ತನ್ನ ವಿರುದ್ಧವೇ ಬಂದಿದೆ ಎಂಬುದು ಆಮೇಲೆ ಹೊಳೆಯಿತು.

ಆಗಸ್ಟ್ 9, ಮಂಗಳವಾರ, ಪುರಭವನದ ಮೇಲ್ಮಹಡಿಯಲ್ಲಿ ಕೋರ್ಟು ಕೂತಿತು. ನ್ಯಾಯಾಧೀಶೆ ಗ್ರೇಸ್ ಇಯಾನೊಟ್ಟಿ ಅದಕ್ಕೂ ಮುಂಚೆ ಎರಡು ನಾಯಿ ಬೊಗಳುವ ಕೇಸು, ಒಂದು ಪಾರ್ಕಿಂಗ್ ಕೇಸು ಮುಗಿಸಿದ್ದರು. ಹಿಂದಿನ ಬೆಂಚುಗಳಲ್ಲಿ ಅಗ್ನಿಶಾಮಕ ದಳದವರು ಪಿಟ್ಸಾ ತುಂಡುಗಳ ಪೊಟ್ಟಣ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೇಕ್‌ಗೆ ನಾಲ್ಕೇ ದಿನ ಉಳಿದಿತ್ತು.

ಹ್ಯಾಜರ್ಡ್ ಎದ್ದು ಹದಿನೇಳನೇ ಕಲಮು ಓದಿದ. 1843, 1663 ಎಲ್ಲ ಹೇಳಿದ. ಕೊನೆಗೆ ಶೂ ಡಬ್ಬಿಯ ಪ್ರತಿಯನ್ನು ಕೊಟ್ಟು, ಬರೆದವರ ಮನಸ್ಸಿನಲ್ಲಿ ತೀರವೆಂದರೆ ಏನಿತ್ತು ಎಂಬುದಕ್ಕೆ ಇದು ಸಾಕ್ಷಿ ಎಂದ. ನ್ಯಾಯಾಧೀಶೆ ಕನ್ನಡಕ ಮೇಲೆತ್ತಿ ಅಂಚಿನ ಸಾಲುಗಳನ್ನು ಓದಿದರು.

"ಟೀನಾ ಅಂದ್ರೆ ನೀವೇನಾ ಮೇಡಂ?"

"ನಾನೇ."

"ನೀವು ಪ್ರತಿನಿಧಿ ಆಗಿದ್ರಾ?"

"ಇಲ್ಲ. ಪ್ರತಿನಿಧಿಗೆ ಸೂಪು ಬಡಿಸ್ತಾ ಇದ್ದೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶೆಯೂ ತುಟಿ ಬಿಗಿಹಿಡಿದರು. "ಇದು ಒಳ್ಳೇ ಟಿಪ್ಪಣಿ. ನಂಗೂ ಹಾಗೇ ಅನ್ನಿಸ್ತಿತ್ತು, ನಾನೂ ಇಲ್ಲೇ ಬೆಳೆದವಳು. ಆದ್ರೆ ಮೇಡಂ, 86ರ ನವೆಂಬರಲ್ಲಿ ಜನ ವೋಟು ಹಾಕಿದ್ದು ಅಚ್ಚಾದ ಸಾಲಿಗೆ. ಪೆನ್ಸಿಲಲ್ಲಿ ಬರೆದದ್ದಕ್ಕಲ್ಲ. ಸುಪ್ರೀಂ ಕೋರ್ಟು ಎಳೆದ ಗೆರೇನ ಅಳಿಸೋಕೆ ನನ್ನ ಹತ್ರ ರಬ್ಬರೂ ಇಲ್ಲ." ಆಮೇಲೆ ಕೇಳಿದರು, "ಜುಲೈ 14ರಂದು ಆ ಗೆರೆ ಎಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಕೇಸು ವಜಾ," ಎಂದು ಬರೆಯಲು ನ್ಯಾಯಾಧೀಶೆ ಪೆನ್ನು ಎತ್ತಿದರು. ಹ್ಯಾಜರ್ಡ್ ಕಾಗದ ಮಡಚತೊಡಗಿದ. ಝೆಕಾ ಪಿಟ್ಸಾದ ಪೊಟ್ಟಣ ಬಿಚ್ಚಿದ.

"ಈಗ ಗೊತ್ತು," ಎಂದಳು ಟೀನಾ.

ಹ್ಯಾಜರ್ಡ್‌ಗೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ನ್ಯಾಯಾಧೀಶೆ ಕಾದರು.

"ಏನಂದ್ರಿ?"

"ಪ್ರಮಾಣ ಮಾಡಿದೀನಲ್ಲ, ಪೂರ್ತಿ ಹೇಳ್ಬೇಕು. ಅಳೆದಿದೀನಿ. ಗೂಟ ಹೊಡೆದಿದೀನಿ. ಎತ್ತರದಲ್ಲಿ ಒಂದು ಅಂಗುಲ ಹೆಚ್ಚುಕಮ್ಮಿ, ಅಂದ್ರೆ ಮರಳಿನ ಮೇಲೆ ಒಂದು ಅಡಿ ಆ ಕಡೆ ಈ ಕಡೆ ಇರಬಹುದು. ಅದಕ್ಕಿಂತ ಜಾಸ್ತಿ ತಪ್ಪಿಲ್ಲ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಆಕೆಯನ್ನು ನೋಡಿದರು. "ಮೇಡಂ, ನಿಮ್ಮ ವಕೀಲರು ಕೊಡೆ ಹಿಡಿದಿದ್ರು. ನೀವೇ ಅದಕ್ಕೆ ತೂತು ಮಾಡಿದ್ರಿ. ಈ ಕೇಸು ವಜಾ. ಆದ್ರೆ ಇನ್ನೊಂದು ಸಲ ಗೂಟದ ಮೇಲ್ಗಡೆ ಕಾಲಿಟ್ರೆ, 'ಗೊತ್ತಿರಲಿಲ್ಲ' ಅನ್ನೋ ಮಾತು ಈ ಊರಲ್ಲಿ ನಿಮಗೊಬ್ಬರಿಗೆ ಸಲ್ಲೋದಿಲ್ಲ."

ಮೆಟ್ಟಿಲಿಳಿಯುವಾಗ ಹ್ಯಾಜರ್ಡ್ ಹೇಳಿದ, "ಕೋಲು ಕೊಟ್ಟು ಪೆಟ್ಟು ತಿನ್ನೋರನ್ನ ನೋಡಿದೀನಿ. ಕೋಲನ್ನ ಅಂಗುಲದ ಲೆಕ್ಕದಲ್ಲಿ ಅಳೆದು ಕೊಟ್ಟವಳನ್ನ ಇವತ್ತೇ ನೋಡಿದ್ದು."

ಬಾಗಿಲಲ್ಲಿ ಲೋರಿಂಗ್ ಸಿಕ್ಕಿದ. ಹತ್ತಿರದಿಂದ ನೋಡಿದರೆ ಅವನು ಅಷ್ಟೇನೂ ಸೊಕ್ಕಿನವನಾಗಿ ಕಾಣಲಿಲ್ಲ; ಬಿಸಿಲಿಗೆ ಮೂಗು ಸುಲಿದಿತ್ತು. "ಆ ಗೂಟ ತೆಗೀಬೇಡಿ ಮೇಡಂ," ಎಂದ. "ಅನುಮತಿಯ ಮಾತು ಈಗಲೂ ಹಾಗೇ ಇದೆ. ಒಂದು ಫೋನ್ ಮಾಡಿ."

"ಗೂಟ ಇರುತ್ತೆ," ಎಂದಳು ಟೀನಾ. "ಫೋನ್ ಬರಲ್ಲ."

ಝೆಕಾ ಆಕೆಯನ್ನು ಮನೆಗೆ ಕರೆತಂದ. ಬಾಗಿಲ ಹತ್ತಿರ ನಿಂತು ಕೇಳಿದ, "ಶನಿವಾರ ಏನು ಮಾಡ್ತೀರಿ?"

"ಉದ್ದ ಬೂಟು ಹಾಕ್ಕೊಂಡು ಬಾ. ನಿನ್ನ ಜನಕ್ಕೂ ಹೇಳು."

ಆಗಸ್ಟ್ 13ರ ಶನಿವಾರ, ಹುಣ್ಣಿಮೆ ಕಳೆದು ಎರಡೇ ದಿನ, ಮತ್ತೆ ದೊಡ್ಡ ಉಬ್ಬರ. ಬೆಳಿಗ್ಗೆ ಎಂಟೂವರೆಗೆ ಟಾಗ್ವಂಕ್ ಕೊಲ್ಲಿಯ ನೀರಿನಲ್ಲಿ ಹದಿನಾರು ಜನ ಸಾಲಾಗಿ ನಿಂತಿದ್ದರು, ಎಲ್ಲರೂ ಕೆಂಪು ತುದಿಯ ಗೂಟದಿಂದ ಆಚೆ, ಮೊಣಕಾಲವರೆಗೆ ಮುಳುಗಿ, ಕೈಯಲ್ಲಿ ಬಾಚುಗೋಲು ಹಿಡಿದು. ರಜೆಯ ಮೇಲಿದ್ದ ಡೆರಿಕ್ ಕೂಡ ಇದ್ದ. ತೇಲಿ ಬರುವ ಪಾಚಿಯನ್ನು ಅಡ್ಡಗಟ್ಟಿ ಬುಟ್ಟಿಗೆ ಎಳೆಯುವುದು ಕೆಲಸ. ಆದರೆ ಪಾಚಿಗೆ ಸಂವಿಧಾನ ಗೊತ್ತಿರಲಿಲ್ಲ. ಹತ್ತರಲ್ಲಿ ಎಂಟು ಪಾಲು ಅವರ ಕಾಲುಗಳ ನಡುವೆ ನುಸುಳಿ ಹೋಗಿ ಮೇಲಿನ ಮರಳಿನಲ್ಲಿ ರಾಶಿ ಬೀಳುತ್ತಿತ್ತು. ಅತ್ತ ಅಗ್ನಿಶಾಮಕ ದಳದ ಅಂಗಳದಲ್ಲಿ ಕಲ್ಲು ಕಾಯತೊಡಗಿತ್ತು. ಒಂಬತ್ತು ಗಂಟೆಗೆ ಅರ್ಧ ಲಾರಿಯೂ ತುಂಬಿರಲಿಲ್ಲ.

"ಟಿಯಾ, ಸಾಲಲ್ಲ," ಎಂದ ಝೆಕಾ ಮೆಲ್ಲಗೆ. "ಈಗಲಾದ್ರೂ ಫೋನ್ ಮಾಡಿ. ನೋಡಿ, ಅವನೇ ಬರ್ತಿದಾನೆ."

ಲೋರಿಂಗ್ ಮೆಟ್ಟಿಲಿಳಿದು, ತನ್ನ ಹಗ್ಗವನ್ನು ತಾನೇ ದಾಟಿ, ಪಾಚಿ ರಾಶಿಯ ಪಕ್ಕ ನಿಂತ. ನೀರಿನಲ್ಲಿ ನಿಂತವರನ್ನೂ ಮರಳ ಮೇಲಿನ ರಾಶಿಯನ್ನೂ ಎರಡೆರಡು ಸಲ ನೋಡಿದ.

"ಪಾಚಿ ಇಲ್ಲಿದೆಯಲ್ಲ. ನೀವ್ಯಾಕೆ ಅಲ್ಲಿ ನಿಂತಿದೀರಿ?"

"ಅದು ನಿಮ್ಮ ಕಡೆ ಇದೆ," ಎಂದಳು ಟೀನಾ. "ನಮ್ಮದು ಇಲ್ಲಿಂದ."

"ನಾನು ತಗೊಳ್ಳಿ ಅಂತಿದೀನಿ."

"ನೀವು ಒಳ್ಳೆಯವರು. ಆದ್ರೆ ಈ ಮನೆ ನೀವು ಮುಂದೆ ಮಾರಿದ್ರೆ, ಕೊಂಡವರು ಒಳ್ಳೆಯವರಾಗಿರ್ತಾರೆ ಅಂತ ಏನು ಗ್ಯಾರಂಟಿ? ನಾವು ನಿಮ್ಮ ಒಳ್ಳೇತನದ ಮೇಲೆ ಬೇಕ್ ಮಾಡೋಕಾಗಲ್ಲ."

ಲೋರಿಂಗ್ ಮೂಗು ಸುಕ್ಕಿಸಿದ. ಬಿಸಿಲೇರಿತ್ತು, ಹಿಂದಿನ ದಿನದ ರಾಶಿ ಆಗಲೇ ನಾರತೊಡಗಿತ್ತು. "ಪ್ರತಿ ಶುಕ್ರವಾರ ಇದನ್ನ ಹೊತ್ತುಹಾಕೋಕೆ ಆಳು ಬರ್ತಾನೆ," ಎಂದ, ಯಾರಿಗೆಂದಿಲ್ಲದೆ. "ನಿನ್ನೆ ಬರಲಿಲ್ಲ."

"ನಿಮ್ಮ ಕಸ, ನೀವು ಸಮುದ್ರಕ್ಕೆ ಎಸೆದ್ರೆ ನಾವು ತಡೆಯೋರಲ್ಲ," ಎಂದ ಹ್ಯಾಜರ್ಡ್. ಅವನು ಬೂಟು ಸಿಗದೆ ದೋಣಿಯಲ್ಲಿ ಕೂತಿದ್ದ. "ಅದು ಗೂಟ ದಾಟಿದ ಮೇಲೆ ಏನಾಗುತ್ತೆ ಅಂತ ಸಂವಿಧಾನ ಸ್ಪಷ್ಟವಾಗಿ ಹೇಳಿದೆ."

ಲೋರಿಂಗ್ ಬೂಟುಗಾಲಿನಿಂದ ರಾಶಿಯನ್ನು ಒಮ್ಮೆ ತಳ್ಳಿದ. ಒಂದು ಹೊರೆ ಜಾರಿ ನೀರಿಗೆ ಬಿದ್ದು, ತೇಲಿ, ಗೂಟದ ಹತ್ತಿರ ತಿರುಗಿ, ಮತ್ತೆ ದಡಕ್ಕೆ ಹೋಗಲು ನೋಡಿತು. ಡೆರಿಕ್ ಬಾಚುಗೋಲು ಚಾಚಿದ. ಟೀನಾ ಅವನ ತೋಳು ಹಿಡಿದಳು.

"ಇನ್ನೂ ದಾಟಿಲ್ಲ. ತಾಳು."

ಅಲೆ ಹಿಂದೆ ಸರಿಯಿತು. ಪಾಚಿ ಗೂಟವನ್ನು ದಾಟಿತು.

"ಈಗ."

ಲೋರಿಂಗ್ ಮೇಲೆ ಹೋದ. ಎಲ್ಲರೂ ಮುಗಿಯಿತೆಂದುಕೊಂಡರು. ಐದು ನಿಮಿಷದಲ್ಲಿ ಅವನು ಒಂದು ಹೊಚ್ಚ ಹೊಸ ಸಲಿಕೆಯೊಂದಿಗೆ ಬಂದ, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಒಂಬತ್ತೂ ಮುಕ್ಕಾಲರವರೆಗೆ ಅವನು ತನ್ನ ಕಸವನ್ನು ಸಮುದ್ರಕ್ಕೆ ಎಸೆದ. ಹದಿನಾರು ಜನ ತಮ್ಮ ಹಕ್ಕನ್ನು ಸಮುದ್ರದಿಂದ ಎತ್ತಿದರು. ಎರಡು ಲಾರಿ ತುಂಬಿದವು.

"ಹಗ್ಗ ನಾನು ತೆಗೀತಿಲ್ಲ," ಎಂದ ಅವನು ಕೊನೆಗೆ, ಸಲಿಕೆಯ ಮೇಲೆ ಭಾರ ಹಾಕಿ ಏದುಸಿರು ಬಿಡುತ್ತ.

"ಬೇಡ. ಹಗ್ಗ ನಿಮ್ಮದು," ಎಂದಳು ಟೀನಾ. "ಊಟ ಒಂದು ಗಂಟೆಗೆ. ಅದಕ್ಕೆ ಅನುಮತಿ ಬೇಕಿಲ್ಲ, ಊರಿಗೆಲ್ಲ ಕರೆ."

ಝೆಕಾನ ಲಾರಿಗಳು ಹೊರಟವು. ಟೀನಾ ಮಾತ್ರ ನೀರಿನಲ್ಲೇ ಉಳಿದಿದ್ದಳು. ಉಬ್ಬರ ಪೂರ್ತಿ ಏರಿದ್ದ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆ ಗೂಟದ ಪಕ್ಕ ಅಳತೆಪಟ್ಟಿ ಇಳಿಸಿ, ಅಲೆ ಏರಿದಾಗ ಒಂದು, ಇಳಿದಾಗ ಒಂದು, ಹೀಗೆ ಹತ್ತು ಸಲ ನೋಡಿ ಕೈಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಳು. ಈಗ ಅದನ್ನು ಕೂಡಿಸಿ ಭಾಗಿಸಿದಳು. ಜೇಬಿನಲ್ಲಿ ಅಡೆಲಿನೊನ ಕರಡು ಪ್ರತಿಯಿತ್ತು. ಅವನ ಪ್ರಶ್ನೆಯ ಕೆಳಗೆ, ತನ್ನ ಉತ್ತರದ ಕೆಳಗೆ, ಪೆನ್ಸಿಲಿನಲ್ಲೇ ಮೂರನೆಯ ಸಾಲನ್ನು ಬರೆದಳು: 2022 ಆಗಸ್ಟ್ 13, ಬೆಳಿಗ್ಗೆ 9:10, ಪಾಚಿ ಬೀಳುವ ಹೊತ್ತು, ಕಾನೂನಿನ ಗೆರೆಯ ಮೇಲೆ ನೀರಿನ ಆಳ ಹನ್ನೊಂದೂವರೆ ಅಂಗುಲ.